ಜಾವಾ ಸ್ವಿಚ್‌ನಲ್ಲಿ ಎನಮ್: ಡಿಫಾಲ್ಟ್ ಬರೆಯುವ ಮುನ್ನ

ಆರ್ಡರಿನ ಸ್ಥಿತಿ ಸೂಚಿಸಲು ‘ಸ್ಟೇಟಸ್’ ಎಂಬ ಎನಮ್ (ನಿಗದಿತ ಹೆಸರುಗಳ ಪಟ್ಟಿಯಂಥ ಟೈಪ್) ಇದೆ ಎಂದುಕೊಳ್ಳಿ. ಅದರಲ್ಲಿ ಪೆಂಡಿಂಗ್, ಪೇಯ್ಡ್, ಶಿಪ್ಡ್ ಎಂಬ ಮೂರು ಕಾನ್‌ಸ್ಟಂಟ್‌ಗಳು. ಮೌಲ್ಯಕ್ಕೆ ತಕ್ಕ ಕೇಸ್ ಆರಿಸುವ ಸ್ವಿಚ್‌ಗೆ ಆ ಟೈಪಿನ ವೇರಿಯಬಲ್ ಕೊಟ್ಟು, ಕೇಸ್‌ಗಳಲ್ಲಿ ಕಾನ್‌ಸ್ಟಂಟಿನ ಹೆಸರನ್ನಷ್ಟೇ ಬರೆಯಿರಿ: ‘ಕೇಸ್ ಪೇಯ್ಡ್’. ಹೊಸಬರು ಮೊದಲು ಎಡವುವುದು ಇಲ್ಲೇ. ಬೇರೆ ಕಡೆ ‘ಸ್ಟೇಟಸ್.ಪೇಯ್ಡ್’ ಎಂದು ಬರೆದ ರೂಢಿಯಲ್ಲಿ ಇಲ್ಲಿಯೂ ಹಾಗೇ ಬರೆದರೆ ಜಾವಾ 21ಕ್ಕಿಂತ ಹಳೆಯ ಕಂಪೈಲರ್ ಒಪ್ಪುವುದಿಲ್ಲ. 21ರಿಂದ ಪೂರ್ತಿ ಹೆಸರೂ ನಡೆಯುತ್ತದೆ.

ಕೋಲನ್ ಹಾಕುವ ಹಳೆಯ ರೂಪದಲ್ಲಿ ಪ್ರತಿ ಕೇಸ್‌ನ ಕೊನೆಗೆ ಬ್ರೇಕ್ ಬೇಕು. ಮರೆತರೆ ಪೇಯ್ಡ್‌ನ ಕೆಲಸ ಮುಗಿದ ಕೂಡಲೇ ಅದರ ಕೆಳಗಿನ ಶಿಪ್ಡ್‌ನ ಕೆಲಸವೂ ನಡೆದುಹೋಗುತ್ತದೆ. ಹಣ ಈಗಷ್ಟೇ ಬಂದ ಆರ್ಡರಿಗೆ ‘ರವಾನೆಯಾಗಿದೆ’ ಎಂಬ ಮೆಸೇಜೂ ಹೋಗುತ್ತದೆ, ಕೋಡ್ ಮಾತ್ರ ತಕರಾರಿಲ್ಲದೆ ಕಂಪೈಲ್ ಆಗಿರುತ್ತದೆ.

ಜಾವಾ 14 ಅಥವಾ ಅದಕ್ಕಿಂತ ಹೊಸದು ಇದ್ದರೆ ಬಾಣದ ರೂಪವನ್ನೇ ಬಳಸಿ:

ಸ್ಟ್ರಿಂಗ್ ಮೆಸೇಜ್ = ಸ್ವಿಚ್ (ಸ್ಥಿತಿ) {
    ಕೇಸ್ ಪೆಂಡಿಂಗ್ -> "ಹಣ ಬಾಕಿ";
    ಕೇಸ್ ಪೇಯ್ಡ್ -> "ಹಣ ಬಂದಿದೆ";
    ಕೇಸ್ ಶಿಪ್ಡ್ -> "ರವಾನೆಯಾಗಿದೆ";
};

ಇಲ್ಲಿ ಬ್ರೇಕ್ ಬೇಕಿಲ್ಲ. ಕೊನೆಯ ಸೆಮಿಕೋಲನ್ ಮರೆಯಬೇಡಿ. ಎರಡು ಸ್ಥಿತಿಗೆ ಒಂದೇ ಉತ್ತರವಿದ್ದರೆ ಹೆಸರುಗಳ ನಡುವೆ ಅಲ್ಪವಿರಾಮ ಸಾಕು. ಬಾಣದ ಮುಂದೆ ಹಲವು ಸಾಲಿನ ಬ್ಲಾಕ್ ಇದ್ದರೆ ಮೌಲ್ಯವನ್ನು ‘ಯೀಲ್ಡ್’ ಮೂಲಕ ಹೊರಗೆ ಕೊಡಬೇಕು.

ಈ ಕೋಡ್‌ನಲ್ಲಿ ಡಿಫಾಲ್ಟ್ (ಯಾವ ಕೇಸ್‌ಗೂ ಹೊಂದದಿದ್ದಾಗ ನಡೆಯುವ ಭಾಗ) ಬೇಕೆಂದೇ ಬಿಟ್ಟಿದೆ. ಮೌಲ್ಯ ಕೊಡುವ ಸ್ವಿಚ್ ಎಲ್ಲ ಕಾನ್‌ಸ್ಟಂಟ್‌ಗಳನ್ನೂ ಒಳಗೊಳ್ಳಲೇಬೇಕು. ನಾಳೆ ಯಾರಾದರೂ ಎನಮ್‌ಗೆ ‘ಕ್ಯಾನ್ಸಲ್ಡ್’ ಸೇರಿಸಿದರೆ, ಮತ್ತೆ ಕಂಪೈಲ್ ಮಾಡಿದಾಗ ಇಂಥ ಪ್ರತಿ ಸ್ವಿಚ್‌ನಲ್ಲೂ ಎರರ್ ಬರುತ್ತದೆ. ಎಲ್ಲೆಲ್ಲಿ ತಿದ್ದಬೇಕೆಂಬ ಪಟ್ಟಿಯೇ ಕೈಗೆ ಸಿಕ್ಕಂತೆ. ‘ಇರಲಿ’ ಎಂದು ಡಿಫಾಲ್ಟ್ ಹಾಕಿಟ್ಟಿದ್ದರೆ ರದ್ದಾದ ಆರ್ಡರ್ ಸದ್ದಿಲ್ಲದೆ ಅದರೊಳಗೆ ಬಿದ್ದುಹೋಗುತ್ತದೆ. ಮೌಲ್ಯ ಕೊಡದ ಸಾದಾ ಸ್ವಿಚ್‌ಗೆ ಈ ಕಾವಲು ಇಲ್ಲ. ಬಿಟ್ಟುಹೋದ ಕಾನ್‌ಸ್ಟಂಟ್ ಬಂದರೆ ಏನೂ ಮಾಡದೆ ಮುಂದೆ ಸಾಗುತ್ತದೆ. ಅಲ್ಲಿ ಡಿಫಾಲ್ಟ್ ಬರೆದು, ಅದರಲ್ಲಿ ಎಕ್ಸೆಪ್ಶನ್ (ಪ್ರೋಗ್ರಾಂ ಓಡುವಾಗ ಬರುವ ಎರರ್) ಎಸೆಯಿರಿ.

ವೇರಿಯಬಲ್ ನಲ್ ಆಗಿದ್ದರೆ, ಅಂದರೆ ಅದರಲ್ಲಿ ಯಾವ ಮೌಲ್ಯವೂ ಇಲ್ಲದಿದ್ದರೆ, ಡಿಫಾಲ್ಟ್ ಕೂಡ ಕಾಪಾಡದು, ನಲ್‌ಪಾಯಿಂಟರ್‌ಎಕ್ಸೆಪ್ಶನ್ ಬರುತ್ತದೆ. ಮೊದಲೇ ಪರೀಕ್ಷಿಸಿ, ಇಲ್ಲವೇ ಜಾವಾ 21ರಿಂದ ಸಿಗುವ ‘ಕೇಸ್ ನಲ್’ ಬರೆಯಿರಿ. ಹೊರಗಿನಿಂದ ಬಂದ ಸ್ಟ್ರಿಂಗನ್ನು ವ್ಯಾಲ್ಯೂಆಫ್‌ನಿಂದ ಎನಮ್ ಮಾಡುವಾಗ ದೊಡ್ಡಕ್ಷರ, ಚಿಕ್ಕಕ್ಷರ, ಖಾಲಿ ಜಾಗ ಎಲ್ಲವೂ ತಾಳೆಯಾಗಬೇಕು. ಇಲ್ಲದಿದ್ದರೆ ಸ್ವಿಚ್ ತಲುಪುವ ಮೊದಲೇ ಇಲ್ಲೀಗಲ್‌ಆರ್ಗ್ಯುಮೆಂಟ್‌ಎಕ್ಸೆಪ್ಶನ್.

ಆರ್ಡಿನಲ್ ಅಂಕಿಯ (ಎನಮ್‌ನಲ್ಲಿ ಹೆಸರು ಇರುವ ಸ್ಥಾನ, ಎಣಿಕೆ 0ಯಿಂದ) ಮೇಲಂತೂ ಸ್ವಿಚ್ ಬರೆಯಲೇಬೇಡಿ. ಎನಮ್‌ನಲ್ಲಿ ಹೆಸರುಗಳ ಕ್ರಮ ಬದಲಾದ ದಿನ 1 ಎಂದರೆ ಪೇಯ್ಡ್ ಆಗಿರುವುದಿಲ್ಲ.