ಸೀರಿಯಲೈಜ್ ಆಗದ ಕ್ಲಾಸಿಗೆ ರ‍್ಯಾಪರ್ ಬರೆಯುವುದು ಹೇಗೆ?

ಜಾವಾದಲ್ಲಿ ಒಂದು ಆಬ್ಜೆಕ್ಟನ್ನು ಬೈಟ್‌ಗಳಾಗಿಸಿ ಫೈಲಿಗೆ ಬರೆಯಲು, ಅಂದರೆ ಸೀರಿಯಲೈಜ್ ಮಾಡಲು ಹೊರಟಿದ್ದೀರಿ. ಅದರೊಳಗೆ ಯಾವುದೋ ಮ್ಯಾಪ್ ಲೈಬ್ರರಿಯ ‘ಲೊಕೇಶನ್’ ಕ್ಲಾಸ್ ಕೂತಿದೆ. ರನ್ ಮಾಡಿದರೆ ನಾಟ್‌ಸೀರಿಯಲೈಜಬಲ್‌ಎಕ್ಸೆಪ್ಶನ್! ಆ ಕ್ಲಾಸ್ ನಿಮ್ಮದಲ್ಲ, ತಿದ್ದುವಂತಿಲ್ಲ. ಆಗ ಅದರ ಮಾಹಿತಿ ಹೊತ್ತುಕೊಂಡು ಸೀರಿಯಲೈಜ್ ಆಗುವ ಒಂದು ಪುಟ್ಟ ಕ್ಲಾಸ್, ಅಂದರೆ ರ‍್ಯಾಪರ್ ಬೇಕು.

ಮೊದಲು ಏನನ್ನು ಉಳಿಸಬೇಕು ಅಂತ ನೋಡಿ. ಕನೆಕ್ಷನ್, ಥ್ರೆಡ್ ಇವೆಲ್ಲ ಬೇಡ. ಲೊಕೇಶನ್ನನ್ನು ಮತ್ತೆ ಕಟ್ಟಲು ಅಕ್ಷಾಂಶ, ರೇಖಾಂಶ ಎರಡೇ ಸಾಕು, ಅಲ್ವಾ?

ಇನ್ನು ಕ್ಲಾಸ್. ಜಾವಾ 16 ಅಥವಾ ನಂತರದ್ದಾದರೆ ರೆಕಾರ್ಡ್ (ಡೇಟಾ ಇಡಲೆಂದೇ ಇರುವ ಚಿಕ್ಕ ಕ್ಲಾಸ್) ಬಳಸಿ. ಒಂದೇ ಸಾಲು ಬರೆದರೆ ಕನ್‌ಸ್ಟ್ರಕ್ಟರ್, ಈಕ್ವಲ್ಸ್, ಹ್ಯಾಶ್‌ಕೋಡ್ ಎಲ್ಲವನ್ನೂ ಕಂಪೈಲರ್ ತಾನೇ ಕೊಡುತ್ತದೆ. ‘ಇಂಪ್ಲಿಮೆಂಟ್ಸ್ ಸೀರಿಯಲೈಜಬಲ್’ ಮಾತ್ರ ನೀವೇ ಸೇರಿಸಬೇಕು. ಹಳೆಯ ಜಾವಾ ಆದರೆ ಎಡಿಟರಿನ ‘ಜನರೇಟ್’ ಮೆನು ಇದೆ. ಇಂಥ ಕ್ಲಾಸ್‌ಗಳು ನೂರಾರು ಇದ್ದರೆ, ಕಂಪೈಲ್ ಆಗುವಾಗಲೇ ಹೊಸ ಕೋಡ್ ಬರೆದುಕೊಡುವ ಅನೊಟೇಶನ್ ಪ್ರೊಸೆಸರ್ ಬರೆದುಕೊಳ್ಳಬಹುದು. ನಾಲ್ಕೈದು ಕ್ಲಾಸಿಗೆಲ್ಲ ಸುಮ್ನೆ ಆ ಗೋಜಿಗೆ ಹೋಗಬೇಡಿ.

ರೆಕಾರ್ಡಿಗೆ ಎರಡು ಮೆಥಡ್ ಹಾಕಿ. ಒಂದು ಲೊಕೇಶನ್ನಿಂದ ರ‍್ಯಾಪರ್ ಮಾಡಲು, ಇನ್ನೊಂದು ವಾಪಸ್ ಲೊಕೇಶನ್ ಮಾಡಲು.

ಜಾಸ್ತಿ ಜನ ಎಡವುವುದು ಮುಂದಿನ ಹೆಜ್ಜೆಯಲ್ಲಿ. ನಿಮ್ಮ ಕ್ಲಾಸಿನಲ್ಲಿ ಲೊಕೇಶನ್ ಫೀಲ್ಡನ್ನು ‘ಟ್ರಾನ್ಸಿಯೆಂಟ್’ (ಬರೆಯುವಾಗ ಬಿಟ್ಟುಬಿಡು ಎಂಬ ಗುರುತು) ಮಾಡಿ; ಅದು ‘ಫೈನಲ್’ ಆಗಿರಬಾರದು, ಓದುವಾಗ ಬೆಲೆ ತುಂಬಲು ಆಗುವುದಿಲ್ಲ. ‘ರೈಟ್‌ಆಬ್ಜೆಕ್ಟ್’ ಎಂಬ ಪ್ರೈವೇಟ್ ಮೆಥಡ್‌ನಲ್ಲಿ ಮೊದಲು ‘ಡಿಫಾಲ್ಟ್‌ರೈಟ್‌ಆಬ್ಜೆಕ್ಟ್’ ಕರೆದು (ಇದು ಉಳಿದ ಫೀಲ್ಡ್‌ಗಳನ್ನು ಬರೆಯುತ್ತದೆ), ಆಮೇಲೆ ರ‍್ಯಾಪರ್ ಬರೆಯಿರಿ. ‘ರೀಡ್‌ಆಬ್ಜೆಕ್ಟ್’‌ನಲ್ಲೂ ಇದೇ ಕ್ರಮದಲ್ಲಿ ಓದಿ, ರ‍್ಯಾಪರಿನಿಂದ ಲೊಕೇಶನ್ ಕಟ್ಟಿ ಫೀಲ್ಡಿಗೆ ತುಂಬಿ. ಈ ಮೆಥಡ್‌ಗಳ ಹೆಸರಿನಲ್ಲೋ ಪ್ಯಾರಾಮೀಟರಿನಲ್ಲೋ ತಪ್ಪಾದರೂ ಕಂಪೈಲರ್ ತುಟಿ ಬಿಚ್ಚುವುದಿಲ್ಲ. ಜಾವಾ 14ರಲ್ಲಿ ಬಂದ ‘ಸೀರಿಯಲ್’ ಅನೊಟೇಶನ್ ಹಾಕಿ ಲಿಂಟ್ (ಕಂಪೈಲರಿನ ಹೆಚ್ಚುವರಿ ತಪಾಸಣೆ) ಆನ್ ಮಾಡಿದರೆ ಇಂಥ ಕೆಲವು ತಪ್ಪಿಗೆ ಎಚ್ಚರಿಕೆ ಸಿಗಬಹುದು.

ನಿಮ್ಮ ಕ್ಲಾಸಿಗೆ ‘ಸೀರಿಯಲ್‌ವರ್ಶನ್‌ಯುಐಡಿ’ಯನ್ನು (ಕ್ಲಾಸಿನ ಆವೃತ್ತಿ ಸಂಖ್ಯೆ) ಕೈಯಾರೆ ಬರೆಯಿರಿ, 1 ಅಂತಿದ್ದರೂ ಸಾಕು. ಬರೆಯದಿದ್ದರೆ ಜಾವಾ ಕ್ಲಾಸಿನ ಹೆಸರು, ಫೀಲ್ಡ್, ಮೆಥಡ್‌ಗಳನ್ನೆಲ್ಲ ನೋಡಿ ತಾನೇ ಒಂದು ಸಂಖ್ಯೆ ಲೆಕ್ಕ ಹಾಕುತ್ತದೆ. ನಾಳೆ ಒಂದು ಪಬ್ಲಿಕ್ ಮೆಥಡ್ ಸೇರಿಸಿದಿರೋ, ಹಳೆಯ ಫೈಲ್ ಓದುವಾಗ ಇನ್‌ವ್ಯಾಲಿಡ್‌ಕ್ಲಾಸ್‌ಎಕ್ಸೆಪ್ಶನ್ ಬರುತ್ತದೆ. ರೆಕಾರ್ಡಿಗೆ ಈ ತಲೆನೋವಿಲ್ಲ, ಅಲ್ಲಿ ಸಂಖ್ಯೆ ಹೊಂದಲೇಬೇಕೆಂಬ ನಿಯಮವಿಲ್ಲ.

ಕೊನೆಗೆ ಟೆಸ್ಟ್. ಬೈಟ್ ಅರೇಗೆ ಬರೆದು, ವಾಪಸ್ ಓದಿ, ಎರಡೂ ಒಂದೇನಾ ನೋಡಿ. ಇವತ್ತು ಬರೆದ ಒಂದು ಫೈಲನ್ನು ಟೆಸ್ಟ್ ಫೋಲ್ಡರಿನಲ್ಲಿ ಎತ್ತಿಟ್ಟು, ಕ್ಲಾಸ್ ಬದಲಾಯಿಸಿದಾಗಲೆಲ್ಲ ಅದನ್ನೂ ಓದಿಸಿ.