ಬಾದಾಮಿಯ ಬಂಡೆ ಮತ್ತು ಖಣದ ಅಂಗಡಿಯ ಬೋರ್ಡು

ಅಕ್ಷರ ಬರೆಯುವುದು ನನ್ನ ವೃತ್ತಿ. ಅಂಗಡಿಯ ಹೆಸರು, ಪುಸ್ತಕದ ಮುಖಪುಟ, ಲಗ್ನಪತ್ರಿಕೆ, ಇತ್ತೀಚೆಗೆ ಕಂಪ್ಯೂಟರಿಗೆ ಬೇಕಾದ ಫಾಂಟುಗಳು, ಹೀಗೆ ಕೈಗೆ ಬಂದ ಕೆಲಸವನ್ನೆಲ್ಲ ಮಾಡಿಕೊಂಡು ಬಂದಿದ್ದೇನೆ. ಕೆಲವು ವರ್ಷಗಳ ಹಿಂದೆ ಗುಳೇದಗುಡ್ಡದ ನೇಕಾರ ಕುಟುಂಬವೊಂದು ತಮ್ಮ ಅಂಗಡಿಗೆ ಹೊಸ ಬೋರ್ಡು ಬರೆದುಕೊಡಬೇಕೆಂದು ಕೇಳಿತು. ಬರೆಯಬೇಕಾದದ್ದು ‘ಗುಳೇದಗುಡ್ಡ ಖಣ’ ಎಂಬ ಎರಡೇ ಪದ. ಖಣವೆಂದರೆ ಅಲ್ಲಿ ನೇಯುವ ರವಿಕೆಯ ಬಟ್ಟೆ. ಬಾದಾಮಿ ಹತ್ತಿರದಲ್ಲೇ ಇರುವುದರಿಂದ ಚಾಲುಕ್ಯರ ಕಾಲದ ಶಾಸನಾಕ್ಷರದ ಛಾಯೆ ಅದರಲ್ಲಿರಬೇಕು ಎಂಬುದು ಮಗನ ಆಸೆಯಾಗಿತ್ತು. ರಸ್ತೆಯ ಆಚೆ ಬದಿಯಲ್ಲಿ ನಿಂತವರಿಗೂ ಓದಲು ಬರಬೇಕು ಎಂಬುದು ತಂದೆಯ ಷರತ್ತಾಗಿತ್ತು. ಈ ಎರಡೂ ಮಾತುಗಳನ್ನು ಒಟ್ಟಿಗೆ ನಡೆಸಿಕೊಡುವುದು ಎಷ್ಟು ಕಷ್ಟವೆಂದು ಒಪ್ಪಿಕೊಂಡಾಗ ನನಗೆ ತಿಳಿದಿರಲಿಲ್ಲ.

ಮೊದಲ ನಕ್ಷೆಯನ್ನು ನಾನು ಮನೆಯಲ್ಲೇ ಕುಳಿತು, ಶಾಸನಗಳ ಛಾಯಾಚಿತ್ರಗಳನ್ನು ನೋಡಿಕೊಂಡು ಸಿದ್ಧಪಡಿಸಿದೆ. ಪ್ರತಿ ಅಕ್ಷರದ ನೆತ್ತಿಗೂ ಒಂದು ಚೌಕ ಗುಬುಟು ಇಟ್ಟು, ಗೆರೆಗಳ ಅಂಚನ್ನು ಮುಕ್ಕಾದಂತೆ ಮಾಡಿ, ಹಿಂದೆ ಮರಳುಗಲ್ಲಿನ ಕೆಂಪು ಬಣ್ಣ ತುಂಬಿದೆ. ತಂದೆಯವರು ಅದನ್ನು ಬಹಳ ಹೊತ್ತು ನೋಡಿ, “ತಮ್ಮಾ, ಕಲ್ಲಿನಂಗ ಐತಿ ಖರೆ, ಆದರ ಹೆಸರು ಓದಾಕ ಬರವಲ್ದು” ಎಂದರು. ತಪ್ಪು ಎಲ್ಲಿದೆ ಎಂಬುದು ಅವರು ಬೆರಳಿಟ್ಟು ತೋರಿಸಿದಾಗ ನನಗೆ ಹೊಳೆಯಿತು. ಅವರ ಬೆರಳು ನಿಂತದ್ದು ‘ಖಣ’ ಎಂಬ ಪದದ ಮೇಲೆ. ಇಂದಿನ ಕನ್ನಡದಲ್ಲಿ ಖಕಾರಕ್ಕೂ ಣಕಾರಕ್ಕೂ ತಲೆಕಟ್ಟಿಲ್ಲ. ಇಲ್ಲದ ತಲೆಯನ್ನು ನಾನು ಅಲಂಕಾರವೆಂದು ಅಂಟಿಸಿದ್ದರಿಂದ, ಆ ಅಂಗಡಿಯ ಜೀವಾಳವಾದ ಪದವೇ ಯಾರೂ ಕಂಡರಿಯದ ಪದವಾಗಿ ಕಾಣುತ್ತಿತ್ತು.

ಮರುವಾರ ಬಾದಾಮಿಗೆ ಹೋಗಿ ಐದು ದಿನ ಉಳಿದೆ. ಮೂರನೆಯ ಗುಹೆಯಲ್ಲಿ ಚಾಲುಕ್ಯ ಮನೆತನದ ಮಂಗಳೇಶನ ಕ್ರಿ.ಶ. 578ರ ಶಾಸನವಿದೆ, ಭಾಷೆ ಸಂಸ್ಕೃತವಾದರೂ ಲಿಪಿ ನಮ್ಮದು. ಅಗಸ್ತ್ಯತೀರ್ಥವೆಂಬ ಕೆರೆಯ ಆಚೆಯ ಬಂಡೆಗೋಡೆಯ ಮೇಲೆ ಸುಮಾರು ಕ್ರಿ.ಶ. 700ರ ಕಪ್ಪೆ ಅರಭಟ್ಟನ ಶಾಸನವಿದೆ. ತ್ರಿಪದಿಯ ಅತ್ಯಂತ ಹಳೆಯ ಮಾದರಿಗಳಲ್ಲಿ ಒಂದೆಂದು ಸಾಹಿತ್ಯದ ವಿದ್ಯಾರ್ಥಿಗಳಿಗೆಲ್ಲ ಅದು ಪರಿಚಿತವಾಗಿದೆ. ಸಂರಕ್ಷಿತ ಸ್ಮಾರಕಗಳಲ್ಲಿ ಅನುಮತಿಯಿಲ್ಲದೆ ಕಲ್ಲಿಗೆ ಕಾಗದ ಒತ್ತಿ ಪಡಿಯಚ್ಚು ತೆಗೆಯುವಂತಿಲ್ಲ, ತೆಗೆಯಲೂಬಾರದು. ಆದ್ದರಿಂದ ಕಲ್ಲನ್ನು ಮುಟ್ಟದೆ, ಎದುರಿಗೆ ಕುಳಿತು ಕಣ್ಣಳತೆಯಲ್ಲಿ ಒಂದೊಂದೇ ಅಕ್ಷರವನ್ನು ಹಾಳೆಗಿಳಿಸಿದೆ. ನಡುಹಗಲಿನ ಬೆಳಕಿನಲ್ಲಿ ಅಕ್ಷರಗಳು ಕಲ್ಲಿನೊಳಗೆ ಮುಳುಗಿಹೋಗುತ್ತವೆ. ಬಿಸಿಲು ಓರೆಯಾಗಿ ಬೀಳುವ ಹೊತ್ತಿನಲ್ಲಿ ಮಾತ್ರ ಉಳಿ ಹೋದ ದಾರಿಯ ಒಂದು ಅಂಚಿನಲ್ಲಿ ನೆರಳು ನಿಂತು, ಗೆರೆ ಎಲ್ಲಿ ಹೊರಟು ಎಲ್ಲಿ ತಿರುಗಿತೆಂಬುದು ಕಾಣುತ್ತದೆ. ಛಾಯಾಚಿತ್ರದಲ್ಲಿ ನನಗೆ ಕಂಡಿದ್ದು ಮುಕ್ಕಾದ ಅಂಚುಗಳು. ಬಂಡೆಯ ಎದುರು ಕಂಡದ್ದು ಕೈಯ ನಡೆ. ಮುಕ್ಕು ಮಳೆಗಾಳಿಯ ಕೆಲಸ, ಬರೆದವನ ಕೆಲಸವಲ್ಲ ಎಂಬ ಸರಳ ಸಂಗತಿ ಅಲ್ಲಿಯವರೆಗೆ ನನ್ನ ತಲೆಗೆ ಹೋಗಿರಲಿಲ್ಲ.

ಎರಡನೆಯ ದಿನದಿಂದ ಗಕಾರದ ಹಿಂದೆ ಬಿದ್ದೆ, ಏಕೆಂದರೆ ನನ್ನ ಬೋರ್ಡಿನಲ್ಲಿ ಅದು ಎರಡು ಸಲ ಬರುತ್ತಿತ್ತು. ಮಸ್ಕಿ, ಬ್ರಹ್ಮಗಿರಿಗಳ ಅಶೋಕನ ಶಾಸನಗಳಲ್ಲಿ ಗಕಾರವೆಂದರೆ ಮೇಲೆ ಕೂಡಿ ಕೆಳಗೆ ತೆರೆದುಕೊಂಡ ಎರಡು ಗೆರೆಗಳಷ್ಟೆ. ಚಾಲುಕ್ಯರ ಕಾಲಕ್ಕೆ ಅದು ದುಂಡಗಿನ ಕಮಾನಾಗಿದೆ. ಇಂದಿನ ಗಕಾರದ ತಲೆಕಟ್ಟನ್ನು ಬೆರಳಿನಿಂದ ಮುಚ್ಚಿ ನೋಡಿದರೆ ಉಳಿಯುವುದು ಅದೇ ಕಮಾನು. ಎರಡು ಸಾವಿರ ವರ್ಷಗಳಲ್ಲಿ ಕಕಾರ, ರಕಾರಗಳು ಗುರುತು ಸಿಗದಷ್ಟು ಬದಲಾಗಿವೆ. ರಕಾರವಂತೂ ನೆಟ್ಟಗೆ ನಿಂತ ಗೆರೆಯಾಗಿ ಹುಟ್ಟಿ, ಬುಡ ಮೇಲಕ್ಕೆ ಮಡಚಿಕೊಂಡು, ಕೊನೆಗೆ ದುಂಡಗಾಗಿದೆ. ಆದರೆ ಗಕಾರ ತನ್ನ ಕಮಾನನ್ನು ಬಿಟ್ಟುಕೊಟ್ಟಿಲ್ಲ. ಹಳೆಯದರ ಛಾಯೆ ಎಲ್ಲ ಅಕ್ಷರಗಳಲ್ಲೂ ಸಮನಾಗಿ ಕಾಣಬೇಕೆಂಬ ಹಟವನ್ನು ಅಲ್ಲಿಯೇ ಬಿಟ್ಟೆ. ಯಾವ ಅಕ್ಷರ ತನ್ನ ಹಳೆಯ ಮೈಕಟ್ಟನ್ನು ಇಂದಿಗೂ ಉಳಿಸಿಕೊಂಡಿದೆಯೋ ಅದರಲ್ಲಿ ಕಲ್ಲಿನ ರೂಪವನ್ನು ಧಾರಾಳವಾಗಿ ತರಬಹುದು; ಉಳಿದವುಗಳಲ್ಲಿ ಗೆರೆಯ ಗುಣ ಮತ್ತು ಅಳತೆಯ ಪ್ರಮಾಣ ಬಂದರೆ ಸಾಕು.

ತಲೆಕಟ್ಟಿನ ವಿಚಾರದಲ್ಲಿ ಎರಡು ದಿನ ಹೋಯಿತು. ಬಾದಾಮಿಯ ಅಕ್ಷರಗಳ ನೆತ್ತಿಯಲ್ಲಿರುವುದು ಒಂದು ಪುಟ್ಟ ದಪ್ಪ ಗುರುತು. ಇಂದು ನಾವು ಬರೆಯುವುದು ಬಲಕ್ಕೆ ಏರಿಹೋಗುವ ಓರೆ ಗೆರೆ. ಕನ್ನಡದಲ್ಲಿ ತಲೆಕಟ್ಟು ಒಡವೆಯಲ್ಲ. ಅದು ಅಕಾರದ ಜಾಗ. ‘ಗ’ ‘ಗಿ’ ಆಗುವಾಗ, ‘ಳ’ ‘ಳೆ’ ಆಗುವಾಗ ಆ ಜಾಗವನ್ನು ಗುಣಿತದ ಚಿಹ್ನೆ ತೆಗೆದುಕೊಳ್ಳುತ್ತದೆ. ಹಾಗಾಗಿ ತಲೆಕಟ್ಟಿನ ಆಕಾರ ಇಂದಿನದೇ ಆಗಿರಲಿ, ಅದರ ಉದ್ದ ಮಾತ್ರ ಶಾಸನದ್ದಾಗಿರಲಿ ಎಂದು ತೀರ್ಮಾನಿಸಿದೆ. ಅಕ್ಷರದ ಮೈಯನ್ನು ಮೀರಿ ಬಲಕ್ಕೆ ಚಾಚದಂತೆ ಅದನ್ನು ಮೊಟಕುಗೊಳಿಸಿದಾಗ ಅಕ್ಷರಗಳು ಒಂದರ ಪಕ್ಕ ಒಂದು ಒತ್ತಾಗಿ ಕುಳಿತವು, ಪದಕ್ಕೆ ಒಂದು ಗಟ್ಟಿತನ ಬಂತು.

ನನಗೆ ಅತಿ ಹೆಚ್ಚು ಕಲಿಸಿದ್ದು ‘ಡ್ಡ’. ಕನ್ನಡದ ಬೋರ್ಡು ಬರೆಯುವವರಿಗೆಲ್ಲ ಒತ್ತಕ್ಷರದ ತೊಂದರೆ ಗೊತ್ತು: ಕೆಳಗೆ ಇಳಿಯುವ ಆ ಒಂದು ಒತ್ತಿಗಾಗಿ ಇಡೀ ಪದವನ್ನೇ ಚಿಕ್ಕದು ಮಾಡಬೇಕಾಗುತ್ತದೆ. ನಾಮಫಲಕದಲ್ಲಿ ಶೇ. 60ರಷ್ಟು ಕನ್ನಡವಿರಬೇಕೆಂಬ ನಿಯಮ 2024ರಲ್ಲಿ ಬಂದಮೇಲೆ ಬೆಂಗಳೂರಿನಲ್ಲಿ ಅವಸರದಿಂದ ಬರೆಸಿದ ಎಷ್ಟೋ ಬೋರ್ಡುಗಳಲ್ಲಿ ಒತ್ತಕ್ಷರವನ್ನು ಹಿಸುಕಿ ಚಪ್ಪಟೆ ಮಾಡಿರುವುದನ್ನು ಕಂಡು ನನಗೆ ನಿಜವಾಗಿಯೂ ನೋವಾಗುತ್ತದೆ. ಚಾಲುಕ್ಯರ ಕಾಲದ ಬರಹಗಾರ ಒತ್ತನ್ನು ನಮ್ಮ ಹಾಗೆ ಬಲಬದಿಯ ಕೆಳಮೂಲೆಗೆ ತಳ್ಳುವುದಿಲ್ಲ. ಮೇಲಿನ ಅಕ್ಷರದ ಬುಡಕ್ಕೇ ತಾಗಿಸಿ, ಎರಡೂ ಸೇರಿ ಒಂದೇ ಮೈಯಾಗುವಂತೆ ಬರೆಯುತ್ತಾನೆ. ನಾನೂ ಹಾಗೆಯೇ ಮಾಡಿದೆ. ನಡುವಿನ ಖಾಲಿ ಜಾಗ ಹೋದದ್ದರಿಂದ ಒತ್ತಿನ ಇಳಿತ ಕಡಿಮೆಯಾಗಿ, ಅಷ್ಟೇ ಎತ್ತರದ ಹಲಗೆಯಲ್ಲಿ ಮುಖ್ಯ ಅಕ್ಷರಗಳನ್ನು ಕಣ್ಣಿಗೆ ಹೊಡೆಯುವಷ್ಟು ದೊಡ್ಡದು ಮಾಡಲು ಸಾಧ್ಯವಾಯಿತು. ಓದಲು ಅಡ್ಡಿಯಾಗುವುದೇ ಎಂದು ತಿಳಿಯಲು ಮುದ್ರಿಸಿದ ಹಾಳೆಯನ್ನು ಗೋಡೆಗೆ ಅಂಟಿಸಿ, ಇಪ್ಪತ್ತು ಹೆಜ್ಜೆ ದೂರದಿಂದ ನೆರೆಯ ಮಕ್ಕಳಿಂದಲೂ ಹಿರಿಯರಿಂದಲೂ ಓದಿಸಿದೆ. ಒಬ್ಬರೂ ಎಡವಲಿಲ್ಲ.

ಎಲ್ಲದಕ್ಕೂ ಕಲ್ಲಿನಲ್ಲಿ ಉತ್ತರ ಸಿಗಲಿಲ್ಲ. ಹ್ರಸ್ವ ಎಕಾರ, ದೀರ್ಘ ಏಕಾರಗಳನ್ನು ಬೇರೆ ಬೇರೆಯಾಗಿ ಬರೆಯುವ ಪದ್ಧತಿ ಆ ಕಾಲದಲ್ಲಿರಲಿಲ್ಲ. ಆದ್ದರಿಂದ ‘ಳೇ’ ಅಕ್ಷರದ ದೀರ್ಘಕ್ಕೆ ನಾನೇ ರೂಪ ಕೊಡಬೇಕಾಯಿತು. ಬಿದಿರಿನ ಲೇಖನಿಯಿಂದ ಹತ್ತಾರು ಬಗೆಯಲ್ಲಿ ಬರೆದು ನೋಡಿ, ಗಕಾರದ ಕಮಾನಿನ ಬಾಗನ್ನೇ ಚಿಕ್ಕದಾಗಿಸಿ ಅಲ್ಲಿ ಬಳಸಿದೆ.

ಗೆರೆಯ ದಪ್ಪವನ್ನು ಮಾತ್ರ ಯಾವ ಅನುಮಾನವೂ ಇಲ್ಲದೆ ಬಂಡೆಯಿಂದಲೇ ತೆಗೆದುಕೊಂಡೆ. ಅಚ್ಚಿನ ಅಕ್ಷರಗಳಲ್ಲಿ ನಾವು ನೋಡಿ ರೂಢಿಯಾದ ತೆಳು-ದಪ್ಪಗಳ ಏರಿಳಿತ ಅಲ್ಲಿ ಇಲ್ಲ. ಉಳಿ ಹೋದಲ್ಲೆಲ್ಲ ಗೆರೆ ಹೆಚ್ಚುಕಡಿಮೆ ಒಂದೇ ಅಗಲವಾಗಿದೆ. ತಗಡನ್ನು ಲೇಸರಿನಿಂದ ಕತ್ತರಿಸಿ ಅಕ್ಷರ ಮಾಡುವ ಇಂದಿನ ಬೋರ್ಡಿಗೆ ಇದಕ್ಕಿಂತ ಹೊಂದುವ ಗೆರೆ ಬೇರೊಂದಿಲ್ಲ. ತೆಳುವಾದ ಭಾಗ ಬಾಗುವ ಭಯವಿಲ್ಲ, ದೂರದಿಂದ ನೋಡಿದಾಗ ಮಾಯವಾಗುವ ಭಯವೂ ಇಲ್ಲ.

ಬೋರ್ಡು ಏರಿದ ಮೇಲೆ ಅದೇ ಹೆಸರನ್ನು ಖಣದ ತುದಿಗೆ ಸಣ್ಣ ಪಟ್ಟಿಯಾಗಿ ನೇಯಬೇಕೆಂದು ಮಗ ಹೊರಟ. ತಂದೆಯವರು ಗ್ರಾಫ್ ಹಾಳೆ ತೆಗೆದು ನನ್ನ ಗಕಾರವನ್ನು ಮನೆಮನೆಯಾಗಿ ತುಂಬುತ್ತ ಹೋದರು. ನೂಲಿನ ಲೆಕ್ಕದಲ್ಲಿ ದುಂಡಗಿನ ಬಾಗು ಬರುವುದಿಲ್ಲ, ಎಲ್ಲವೂ ಮೆಟ್ಟಿಲಾಗುತ್ತದೆ. ಕಮಾನಿನ ಎರಡೂ ಹೆಗಲನ್ನು ಒಂದೊಂದು ಮನೆಯಷ್ಟು ಒಳಕ್ಕೆ ತಂದು, ನೆತ್ತಿಯಲ್ಲಿ ಎರಡು ಮನೆ ಸಪಾಟು ಬಿಟ್ಟು ಅವರು ನನ್ನತ್ತ ಹಾಳೆಯನ್ನು ತಿರುಗಿಸಿದರು. ಆ ತಿದ್ದುಪಡಿ ನನಗೆ ಎಷ್ಟು ಹಿಡಿಸಿತೆಂದರೆ, ಬೋರ್ಡಿನ ಅಕ್ಷರಗಳನ್ನು ಪೂರ್ಣ ವರ್ಣಮಾಲೆಗೆ ವಿಸ್ತರಿಸುವಾಗ ಸಣ್ಣ ಅಳತೆಯ ಗಕಾರಕ್ಕೆ ಅದನ್ನೇ ಇಟ್ಟುಕೊಂಡಿದ್ದೇನೆ.

ಆ ವರ್ಣಮಾಲೆಯ ಕೆಲಸ ಇನ್ನೂ ನಡೆದಿದೆ. ಬಳಕೆ ತಪ್ಪಿದ ಱ ಮತ್ತು ೞ ಅಕ್ಷರಗಳನ್ನೂ ಸೇರಿಸುತ್ತಿದ್ದೇನೆ, ಹಳಗನ್ನಡದ ಪದ್ಯಗಳನ್ನು ಮುದ್ರಿಸುವವರಿಗೆ ಅವು ಬೇಕೇ ಬೇಕು. (ಕಂಪ್ಯೂಟರಿಗಾಗಿ ಎಲ್ಲ ಲಿಪಿಗಳ ಅಕ್ಷರಗಳಿಗೂ ಸಂಕೇತ ಕೊಡುವ ಯೂನಿಕೋಡ್ ಪಟ್ಟಿಯಲ್ಲಿ ೞ ಅಕ್ಷರಕ್ಕೆ ‘ಎಫ್‌ಎ’ ಎಂಬ ತಪ್ಪು ಹೆಸರು ಅಂಟಿಕೊಂಡಿದೆ, ಒಮ್ಮೆ ಕೊಟ್ಟ ಹೆಸರನ್ನು ಬದಲಿಸುವ ಕ್ರಮ ಅಲ್ಲಿಲ್ಲದ ಕಾರಣ ಸರಿಯಾದ ಹೆಸರನ್ನು ಪಕ್ಕದಲ್ಲಿ ಸೇರಿಸಿದ್ದಾರೆ.) ಱ ಒಂದು ವಾರದಲ್ಲಿ ಕೈಗೆ ಕೂತಿತು. ೞ ಇನ್ನೂ ಕೂತಿಲ್ಲ. ಅದರ ಒಳಗಿನ ತಿರುವು ಚಿಕ್ಕ ಅಳತೆಯಲ್ಲಿ ಕಟ್ಟಿಕೊಂಡುಬಿಡುತ್ತಿದೆ. ಚಳಿಗಾಲದಲ್ಲಿ ಬಿಸಿಲು ಓರೆಯಾಗಿ ಬೀಳುವ ದಿನಗಳಲ್ಲಿ ಮತ್ತೊಮ್ಮೆ ಬಾದಾಮಿಗೆ ಹೋಗಿ ಕುಳಿತುಕೊಳ್ಳಬೇಕು.