ಹುಳುಮನೆಯಲ್ಲಿ ನಾಲ್ಕು ರಾತ್ರಿ

ಮನುಷ್ಯರ ಮೇಲೆ ಪ್ರಯೋಗ ಮಾಡುವ ಡಾಕ್ಟರ್ ಕಥೆಯನ್ನು ಸಿನಿಮಾ ಮಾಡಲು ಬರೆದಾಗ ನನ್ನ ಹತ್ತಿರ ಇದ್ದದ್ದು 62,000 ರೂಪಾಯಿ. ಲ್ಯಾಬ್ ಸೆಟ್ ಹಾಕುವುದು ದೂರದ ಮಾತು. ಆಗ ನೆನಪಾದದ್ದು ಶಿಡ್ಲಘಟ್ಟದ ಹತ್ತಿರ ಇರುವ ನಮ್ಮ ದೊಡ್ಡಪ್ಪನ ಹುಳುಮನೆ, ಅಂದರೆ ರೇಷ್ಮೆ ಹುಳ ಸಾಕುವ ಮನೆ. ಒಂದು ಬೆಳೆ ಮುಗಿದ ಮೇಲೆ ತೊಳೆದು, ಬ್ಲೀಚಿಂಗ್ ಪುಡಿ, ಸುಣ್ಣ ಹಾಕಿ ಬಿಟ್ಟ ಹುಳುಮನೆಯೊಳಗೆ ರಾತ್ರಿ ಹೊತ್ತು ನಿಂತಿದ್ದೀರಾ? ಕಿಟಕಿಗೆಲ್ಲ ಜಾಲರಿ. ಉದ್ದಕ್ಕೂ ಖಾಲಿ ಸ್ಟ್ಯಾಂಡು. ಕಣ್ಣು ಉರಿಯುವ ವಾಸನೆ.

"ನಾಲ್ಕು ರಾತ್ರಿ ತಗೋ. ಐದನೇ ದಿನ ಚಾಕಿ ಮರಿ ಹುಳ ಬರುತ್ತೆ. ಒಳಗೆ ಯಾರೂ ಬೀಡಿ ಸಿಗರೇಟು ಹಚ್ಚಂಗಿಲ್ಲ, ಹುಳಕ್ಕೆ ಆಗಲ್ಲ" ಅಂದರು ದೊಡ್ಡಪ್ಪ.

ಕಥೆಯ ಬೀಜ ಸಿಕ್ಕಿದ್ದು ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ. 1950ರ ದಶಕದಲ್ಲಿ ಅಲ್ಲಿ ಮನೋವಿಜ್ಞಾನಿ ಡೊನಾಲ್ಡ್ ಹೆಬ್ ತಂಡ ವಿದ್ಯಾರ್ಥಿಗಳಿಗೆ ದಿನಕ್ಕೆ 20 ಡಾಲರ್ ಕೊಟ್ಟು ಸುಮ್ನೆ ಮಲಗಿಸುತ್ತಿತ್ತು. ಮಬ್ಬು ಕನ್ನಡಕ, ಕೈಗೆ ಗ್ಲೌಸು, ಅದರ ಮೇಲೆ ರಟ್ಟಿನ ಕೊಳವೆ. ಹೊಡೆತ ಇಲ್ಲ, ಸೂಜಿ ಇಲ್ಲ. ಆದರೂ ಹೆಚ್ಚಿನವರು ಎರಡು ಮೂರು ದಿನಕ್ಕೇ ಎದ್ದು ಹೋದರು. ಕೆಲವರಿಗೆ ಇಲ್ಲದ್ದೆಲ್ಲ ಕಾಣತೊಡಗಿತ್ತು. ಇದನ್ನು ಓದಿ ನನಗೆ ಮೊದಲು ಹೊಳೆದದ್ದು ಇಷ್ಟೇ: ಈ ಸಾಮಾನು ನಮ್ಮ ಕೈಗೆಟಕುತ್ತೆ! ಈಜುವ ಕನ್ನಡಕಕ್ಕೆ ಬಟರ್ ಪೇಪರ್ ಅಂಟಿಸಿದೆವು. ಎಲ್ಲ ಸೇರಿ 400 ರೂಪಾಯಿ ಆಯಿತು.

ಮೊದಲ ರಾತ್ರಿ ಪೂರ್ತಿ ದಂಡ. ಜಾಗ ಚಿಕ್ಕದು ಅಂತ ವೈಡ್ ಲೆನ್ಸ್ ಹಾಕಿದ್ದೆ. ಮಾನಿಟರ್‌ನಲ್ಲಿ ಹುಳುಮನೆ ಕಲ್ಯಾಣಮಂಟಪದ ಹಾಗೆ ಕಾಣುತ್ತಿತ್ತು. ಮಾರನೇ ದಿನ 50 ಎಂಎಂ ಲೆನ್ಸ್ ಹಾಕಿ, ಕ್ಯಾಮೆರಾವನ್ನು ಸ್ಟ್ಯಾಂಡಿನ ಸಂದಿಗೆ ತುರುಕಿದೆವು. ಬಾಗಿಲು ಎಲ್ಲಿದೆ ಅಂತ ನೋಡುವವರಿಗೆ ಗೊತ್ತಾಗಲೇಬಾರದು. ಚಂದ್ರಂಕಿಗಳನ್ನು (ಹುಳ ಗೂಡು ಕಟ್ಟುವ ಬಿದಿರಿನ ತಟ್ಟಿ) ನಿಲ್ಲಿಸಿ ಹಿಂದಿನಿಂದ ಒಂದೇ ಒಂದು ಎಲ್‌ಇಡಿ ಬಿಟ್ಟಾಗ ಬಿದಿರಿನ ಸುರುಳಿ ನೆರಳು ನಟನ ಮುಖದ ಮೇಲೆ ಬಿತ್ತು. ಎಷ್ಟು ದುಡ್ಡು ಸುರಿದಿದ್ದರೂ ನನಗೆ ಅಂಥ ಸೆಟ್ ಹೊಳೆಯುತ್ತಿರಲಿಲ್ಲ. (ನೆಲದ ಸುಣ್ಣದ ಮೇಲೆ ನಮ್ಮದೇ ಚಪ್ಪಲಿ ಗುರುತು ಬಿದ್ದು, ಪ್ರತಿ ಶಾಟ್‌ಗೂ ಮತ್ತೆ ಸುಣ್ಣ ಉದುರಿಸಿದ ಪಾಡು ಬೇಡ.)

ಮೂರನೇ ರಾತ್ರಿ ನಾನು ಒಂದು ತಪ್ಪು ಮಾಡಿದೆ. ನಟ ನನ್ನ ಗೆಳೆಯನೇ. ಅವನು ಬಾಗಿಲು ಬಡಿಯುವ ದೃಶ್ಯ. ಭಯ ನಿಜವಾಗಿ ಬರಲಿ ಅಂತ ಅವನಿಗೆ ಹೇಳದೆ ಹೊರಗಿನಿಂದ ಚಿಲಕ ಹಾಕಿಸಿದೆ. ಫ್ಯಾನು ಸದ್ದು ಮಾಡುತ್ತೆ ಅಂತ ಅದನ್ನೂ ಆರಿಸಿದ್ದೆವು. ನಾಲ್ಕು ನಿಮಿಷ ಬಡಿದ. ಹೊರಗೆ ಬಂದವನು ಬೈಯಲಿಲ್ಲ, ಬೈಕ್ ಹತ್ತಿ ಚಿಕ್ಕಬಳ್ಳಾಪುರಕ್ಕೆ ಹೊರಟೇಬಿಟ್ಟ. ಒಪ್ಪಿಗೆ ಇಲ್ಲದೆ ಮನುಷ್ಯನ ಮೇಲೆ ಪ್ರಯೋಗ ಮಾಡಬಾರದು ಅನ್ನುವುದು ನಾಜಿ ವೈದ್ಯರ ವಿಚಾರಣೆಯಿಂದ ಹುಟ್ಟಿದ 1947ರ ನ್ಯೂರೆಂಬರ್ಗ್ ಸಂಹಿತೆಯ ಮೊದಲ ಅಂಶ. ಅದನ್ನು ನಾನೇ ಡಾಕ್ಟರ್ ಬಾಯಲ್ಲಿ ಡೈಲಾಗ್ ಮಾಡಿ ಹಾಕಿದ್ದೆ!

ಬೆಳಗಾಗುವ ಮುಂಚೆ ಹೋಗಿ ಕರೆತಂದೆ. ಅವನು ಎರಡು ಷರತ್ತು ಹಾಕಿದ. ಆ ಟೇಕ್ ಅಳಿಸಬೇಕು. ಬಾಗಿಲಿಗೆ ಬೀಗ ಇರಲಿ, ಆದರೆ ಅದು ಒಳಗಡೆ, ಕೀ ಅವನ ಜೇಬಲ್ಲಿ. ಅಳಿಸುವಾಗ ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಕೀ ಇಟ್ಟುಕೊಂಡು ಮಾಡಿದ ಟೇಕ್‌ನಲ್ಲಿ ಅವನು ಬಡಿಯಲೇ ಇಲ್ಲ. ಬಾಗಿಲಿಗೆ ಕಿವಿ ಇಟ್ಟು ಸುಮ್ಮನೆ ನಿಂತ. ಸಿನಿಮಾದಲ್ಲಿ ಇರುವುದು ಅದೇ.

ಎಡಿಟ್ ಮಾಡುವಾಗ ಎಲ್ಲ ಸರಿಯಿದ್ದರೂ ಆ ಮೌನ ಸತ್ತಂತಿತ್ತು. ಎರಡು ವಾರ ಬಿಟ್ಟು ರೆಕಾರ್ಡರ್ ಹಿಡಿದು ಮತ್ತೆ ದೊಡ್ಡಪ್ಪನ ಹತ್ತಿರ ಹೋದೆ. ನಾಲ್ಕನೇ ಜ್ವರ ಎದ್ದ, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟ ಹುಳಗಳು ಸೊಪ್ಪು ತಿನ್ನುತ್ತಿದ್ದವು. ಸಾವಿರಾರು ಬಾಯಿ, ಒಂದೇ ಸಮ ಚರಚರ. ಅದನ್ನು ಸಿನಿಮಾದ 24 ನಿಮಿಷವೂ ದೃಶ್ಯದ ಕೆಳಗೆ ಸಣ್ಣ ಸದ್ದಾಗಿ ಬಿಟ್ಟಿದ್ದೇನೆ. ನೋಡಿದವರು "ಹೊರಗೆ ಮಳೆ ಬರ್ತಿದೆ ಅಲ್ವಾ?" ಅಂತಾರೆ. ಹೌದು ಅಂತ ತಲೆ ಆಡಿಸುತ್ತೇನೆ.